ಅದೇ ಡೋಸ್, ಇವನಿಗೆ ಮಾತ್ರ ಸಾಲದೇಕೆ?

ಪ್ರಶ್ನೆ: ತಮ್ಮನಿಗೆ 27 ವರ್ಷ. ಬ್ರೌನ್‌ಶುಗರ್ (ಕಚ್ಚಾ ಹೆರಾಯಿನ್) ಬಿಡಿಸಲು ದಿನಕ್ಕೆ 8 ಮಿ.ಗ್ರಾಂ. ಬುಪ್ರಿನಾರ್ಫಿನ್-ನಲಾಕ್ಸೋನ್ ಕೊಡುತ್ತಿದ್ದಾರೆ. ಐದು ತಿಂಗಳು ಚೆನ್ನಾಗಿದ್ದ. ಟಿ.ಬಿ. ಮಾತ್ರೆ ಶುರುವಾದ ಹತ್ತು ದಿನಕ್ಕೆ, ಸಂಜೆಯಾದರೆ ಆಕಳಿಕೆ, ಮೂಗು ಸೋರುವುದು, ಕಾಲು ಜಗ್ಗುವುದು, ರಾತ್ರಿ ನಿದ್ದೆಯಿಲ್ಲ. ಮತ್ತೆ ಸೇದುತ್ತಿದ್ದಾನೆಂದು ಮನೆಯವರಿಗೆ ಅನುಮಾನ. ಜೊತೆಯ ಹುಡುಗನಿಗೆ 4 ಮಿ.ಗ್ರಾಂ. ಸಾಕಂತೆ. ರಕ್ತ ಪರೀಕ್ಷೆ ಮಾಡಿ ಡೋಸ್ ಗೊತ್ತುಮಾಡಬಹುದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ತಮ್ಮನನ್ನು ಬಿಟ್ಟು ಮೊದಲು ಟಿ.ಬಿ. ಮಾತ್ರೆಯನ್ನು ಅನುಮಾನಿಸಿ. ಮೂತ್ರವನ್ನು ಕೇಸರಿ ಬಣ್ಣಕ್ಕೆ ತಿರುಗಿಸುವ ರಿಫಾಂಪಿಸಿನ್ ಅದರಲ್ಲಿರುತ್ತದೆ. ಲಿವರ್‌ನಲ್ಲಿ ಸಿವೈಪಿ3ಎ4 ಎಂಬ ಕಿಣ್ವವನ್ನು ಅದು ಹೆಚ್ಚಿಸುತ್ತದೆ. ಬುಪ್ರಿನಾರ್ಫಿನನ್ನು ಒಡೆಯುವುದೂ ಮುಖ್ಯವಾಗಿ ಇದೇ ಕಿಣ್ವ. ಹಾಗಾಗಿ ಅದೇ ಡೋಸ್ ಬೇಗ ಕಳೆದು ಸಾಲದಾಗುತ್ತದೆ. ಕಿಣ್ವ ಒಂದೆರಡು ವಾರದಲ್ಲಿ ಏರಿ ನಿಲ್ಲುತ್ತದೆ. ನೀವು ಹೇಳಿದ ಹತ್ತು ದಿನ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಟಿ.ಬಿ. ಮಾತ್ರೆ ನಿಲ್ಲಿಸಬೇಡಿ. ಅದರ ಚೀಟಿ, ಖಾಲಿ ಸ್ಟ್ರಿಪ್ ಹಿಡಿದು ವ್ಯಸನ ಚಿಕಿತ್ಸೆಯ ವೈದ್ಯರ ಬಳಿ ಹೋಗಿ. ಸಾಮಾನ್ಯವಾಗಿ ಅವರು 2ರಿಂದ 4 ಮಿ.ಗ್ರಾಂ.ನಂತೆ ಏರಿಸಿ ಕೆಲವು ದಿನ ನೋಡುತ್ತಾರೆ, ಇಲ್ಲವೇ ದಿನದ ಡೋಸನ್ನು ಎರಡು ಹೊತ್ತಿಗೆ ಹಂಚುತ್ತಾರೆ. ಸಾಧ್ಯವಿದ್ದಲ್ಲಿ ಟಿ.ಬಿ. ವೈದ್ಯರು ರಿಫಾಂಪಿಸಿನ್ ಬದಲು ರಿಫಾಬುಟಿನ್ ಕೊಡುವುದೂ ಉಂಟು. ಮನೆಯಲ್ಲೇ ಡೋಸ್ ಏರಿಸಬೇಡಿ.

ಹೆಚ್ಚಿನವರು ಮರೆಯುವುದು ಇಳಿಸುವ ಮಾತನ್ನು. ಟಿ.ಬಿ. ಕೋರ್ಸ್ ಮುಗಿದ ಸುಮಾರು ಎರಡು ವಾರದಲ್ಲಿ ಕಿಣ್ವ ಮೊದಲಿನ ಮಟ್ಟಕ್ಕೆ ಬರುತ್ತದೆ. ಆಗಲೂ ಏರಿಸಿದ ಡೋಸೇ ಮುಂದುವರಿದರೆ ಮಂಪರು ಹೆಚ್ಚಾಗಬಹುದು. ಬುಪ್ರಿನಾರ್ಫಿನ್ ಉಸಿರಾಟವನ್ನು ಒಂದು ಮಿತಿಯಾಚೆ ಕುಗ್ಗಿಸುವುದಿಲ್ಲ, ನಿಜ. ಜೊತೆಗೆ ಮದ್ಯವೋ ನಿದ್ದೆಮಾತ್ರೆಯೋ ಸೇರಿದರೆ ಆ ಭರವಸೆ ಉಳಿಯದು. ಕೋರ್ಸ್ ಮುಗಿಯುವ ದಿನವನ್ನು ಇಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಮಾತ್ರೆಯನ್ನು ಅವನು ಹೇಗೆ ತೆಗೆದುಕೊಳ್ಳುತ್ತಾನೆಂದೂ ನೋಡಿ. ಬಾಯಿ ಒಣಗಿದ್ದರೆ ಮೊದಲು ಒಂದು ಗುಟುಕು ನೀರು; ಆಮೇಲೆ ನಾಲಿಗೆ ಕೆಳಗಿಟ್ಟು ಪೂರ್ತಿ ಕರಗುವವರೆಗೆ 5–10 ನಿಮಿಷ ಮಾತಿಲ್ಲ, ನುಂಗುವಂತಿಲ್ಲ. ನುಂಗಿದರೆ ಬಹುಪಾಲನ್ನು ಲಿವರ್ ಮೊದಲ ಸುತ್ತಿನಲ್ಲೇ ಒಡೆದುಬಿಡುತ್ತದೆ. ‘ಇವನ ದೇಹಕ್ಕೆ ಹಿಡಿಸುತ್ತಿಲ್ಲ’ ಎಂಬ ಎಷ್ಟೋ ದೂರುಗಳ ಮೂಲ ಇಷ್ಟೇ.

ಆ ಹುಡುಗನ ಲೆಕ್ಕ ಬೇರೆ: ಸೇದುತ್ತಿದ್ದ ಪ್ರಮಾಣ, ಲಿವರ್ ಸ್ಥಿತಿ, ಬೇರೆ ಔಷಧಿ ಎಲ್ಲವೂ ಬೇರೆ. ಬುಪ್ರಿನಾರ್ಫಿನ್‌ಗೆ ರಕ್ತದ ಮಟ್ಟ ನೋಡಿ ಡೋಸ್ ಹೇಳುವ ರೂಢಿಯಿಲ್ಲ. ಮುಂದಿನ ಡೋಸಿಗೆ ಸ್ವಲ್ಪ ಮೊದಲು ನಾಡಿ, ಕಣ್ಣಪಾಪೆ, ಬೆವರು, ಮೈ ನವಿರು ನೋಡಿ ವಿಥ್‌ಡ್ರಾಯಲ್‌ಗೆ (ಔಷಧಿ ಸಾಲದಾದಾಗಿನ ತೊಂದರೆ) ಅಂಕ ಕೊಡುವ ‘ಕೌಸ್’ ಅಳತೆಯೇ ಹೆಚ್ಚು ಉಪಯೋಗಿ.

ಪ್ರಶ್ನೆ: ನನ್ನದು ಮೆಥಡೋನ್ (ಇದೂ ಇಂಥ ವ್ಯಸನ ಬಿಡಿಸುವ ಔಷಧಿ), 70 ಮಿ.ಗ್ರಾಂ. ಕುಡಿದ ಮೂರು ತಾಸಿಗೆ ತೂಕಡಿಕೆ, ಬೆಳಗಿನ ಜಾವಕ್ಕೆ ನಡುಕ. ಡೋಸ್ ಏರಿಸಬೇಕೇ?
– ಓದುಗ, ಮುಂಬೈ

ಉತ್ತರ: ಬಹುಶಃ ಬೇಡ. ಇಡೀ ದಿನ ಚಡಪಡಿಕೆಯಿದ್ದರೆ ಡೋಸ್ ಕಡಿಮೆ ಎನ್ನಬಹುದಿತ್ತು. ಮೂರು ತಾಸಿಗೆ ಮಂಪರು, ಕೊನೆಗೆ ವಿಥ್‌ಡ್ರಾಯಲ್ ಎಂದರೆ ದೇಹ ಅದನ್ನು ಬೇಗ ಕಳೆಯುತ್ತಿರಬಹುದು. ಮೆಥಡೋನಿನ ಅರ್ಧಾಯುಷ್ಯ (ರಕ್ತದಲ್ಲಿ ಅದು ಅರ್ಧಕ್ಕಿಳಿಯುವ ಹೊತ್ತು) ಒಬ್ಬರಲ್ಲಿ 8 ತಾಸು, ಇನ್ನೊಬ್ಬರಲ್ಲಿ 59 ತಾಸಿನವರೆಗೂ ಇರುತ್ತದೆ. ಐದು ದಿನ ಒಂದೇ ಡೋಸಿನಲ್ಲಿದ್ದು ಎರಡು ಸಲ ರಕ್ತ ಕೊಡಬೇಕು: ಡೋಸಿಗೆ ತುಸು ಮೊದಲು, ಮತ್ತೆ 2–4 ತಾಸಿನ ನಂತರ. ಎರಡನೆಯದು ಮೊದಲನೆಯದರ ದುಪ್ಪಟ್ಟಿಗಿಂತ ಹೆಚ್ಚಿದ್ದರೆ, ಏರಿಸುವ ಬದಲು ವೈದ್ಯರು ಅದೇ ಮೊತ್ತವನ್ನು ಎರಡು ಹೊತ್ತಿಗೆ ಹಂಚುವುದನ್ನು ಯೋಚಿಸುತ್ತಾರೆ. ಫಿಟ್ಸ್‌ಗೆ ಫೆನಿಟಾಯಿನ್ ಅಥವಾ ಕಾರ್ಬಮಝಪೈನ್ ನಡೆಯುತ್ತಿದ್ದರೆ ಹೇಳಿ. ಅವೂ ಮಟ್ಟ ಇಳಿಸುತ್ತವೆ. ಶಿಲೀಂಧ್ರ ಸೋಂಕಿನ ಔಷಧಿ ಫ್ಲುಕೊನಝೋಲ್ ಏರಿಸುತ್ತದೆ. ಸದ್ಯಕ್ಕೆ ತೂಕಡಿಕೆಯಿರುವಾಗ ಗಾಡಿ ಓಡಿಸಬೇಡಿ, ಮದ್ಯ ಮುಟ್ಟಬೇಡಿ.

ಪ್ರಶ್ನೆ: ಜೀನ್ ಪರೀಕ್ಷೆ ಮಾಡಿಸಿದರೆ ಸರಿಯಾದ ಡೋಸ್ ಗೊತ್ತಾಗುವುದೇ?
– ಓದುಗ, ಮೈಸೂರು

ಉತ್ತರ: ಮೆಥಡೋನನ್ನು ಒಡೆಯುವ ಕಿಣ್ವ ಸಿವೈಪಿ2ಬಿ6ರ ಜೀನಿನಲ್ಲಿ ಒಬ್ಬರಿಂದೊಬ್ಬರಿಗೆ ಭೇದಗಳಿರುವುದು ನಿಜ. ಆದರೆ ವರದಿ ನೋಡಿ ಇಷ್ಟೇ ಮಿ.ಗ್ರಾಂ. ಎನ್ನಲಾಗದು. ಮೆಥಡೋನಿನಲ್ಲಿದ್ದರೆ ಆ ದುಡ್ಡಿಗೆ ಇಸಿಜಿ ಮಾಡಿಸಿ. ಕ್ಯುಟಿಸಿ (ಇಸಿಜಿಯಲ್ಲಿ ಕಾಣುವ, ಹೃದಯ ಬಡಿತದ ಒಂದು ಕಾಲಾವಧಿ) 500 ಮಿಲಿಸೆಕೆಂಡ್ ದಾಟಿದ್ದರೆ ವೈದ್ಯರು ಡೋಸನ್ನೇ ಮರುವಿಚಾರ ಮಾಡಬೇಕಾಗುತ್ತದೆ.