ಇಂಗ್ಲಿಷ್‌ನಲ್ಲಿ ದೂರು ಹೇಳುವ ಅತಿಥಿಗೆ ಮರ್ಯಾದೆಯಿಂದ ಉತ್ತರ ಕೊಡುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಕನ್ನಡ ಮಾಧ್ಯಮದಲ್ಲಿ ಓದಿ ಈಗ ಮಲ್ಪೆಯ ಒಂದು ಹೋಮ್‌ಸ್ಟೇಯ ರಿಸೆಪ್ಷನ್‌ನಲ್ಲಿದ್ದೀರಿ. ಅತಿಥಿಗಳು ಇಂಗ್ಲಿಷ್‌ನಲ್ಲಿ ದೂರು ಹೇಳಿದಾಗ ಗೊತ್ತಿದ್ದಷ್ಟು ಉತ್ತರ ಕೊಡುತ್ತೀರಿ, ಆದರೆ ಅವರ ಸಿಟ್ಟು ಇಳಿಯುವ ಬದಲು ಏರುತ್ತದೆ. ತಪ್ಪುವುದು ಎಲ್ಲಿ?

ಗ್ರಾಮರ್‌ನಲ್ಲಿ ಅಲ್ಲ. ಅದು ತಪ್ಪಿತೆಂದು ಅತಿಥಿಗಳು ಸಿಟ್ಟಾಗುವುದು ಕಡಿಮೆ. ನಮ್ಮ ಭಾಷೆಯಲ್ಲಿ ಮರ್ಯಾದೆ ಇರುವುದು ಕ್ರಿಯಾಪದದ ಬಾಲದಲ್ಲಿ: 'ಬಾ' ಬೇರೆ, 'ಬನ್ನಿ' ಬೇರೆ. ತುಳುವಿನಲ್ಲೂ ಹಾಗೆಯೇ, 'ಬಲ' ಮತ್ತು 'ಬಲೆ'. ಇಂಗ್ಲಿಷ್ ಕ್ರಿಯಾಪದಕ್ಕೆ ಆ ಬಾಲವೇ ಇಲ್ಲ. ಅಲ್ಲಿ ಮರ್ಯಾದೆಯನ್ನು ವಾಕ್ಯದ ತಲೆಗೆ ಕಟ್ಟಬೇಕು: 'ಕುಡ್ ಯು', 'ವುಡ್ ಯು', 'ಮೇ ಐ'. ನಿಮ್ಮ ಮನಸ್ಸಿನಲ್ಲಿ 'ಸ್ವಲ್ಪ ಕಾಯಿರಿ' ಎಂದೇ ಇರುತ್ತದೆ. ಬಾಯಿಂದ 'ವೆಯ್ಟ್ ಸಮ್ ಟೈಮ್' ಬಂದರೆ ಕೇಳುವವರಿಗೆ 'ಕಾಯಿ' ಎಂದಷ್ಟೇ ಮುಟ್ಟುತ್ತದೆ. 'ಪ್ಲೀಸ್' ಸೇರಿಸಿದರೂ ಅದು ಆಜ್ಞೆಯೇ, ಸ್ವಲ್ಪ ಮೆತ್ತಗಿನದು ಅಷ್ಟೆ. 'ಕುಡ್ ಯು ಗಿವ್ ಮಿ ಟೆನ್ ಮಿನಿಟ್ಸ್, ಪ್ಲೀಸ್?' ಅನ್ನಿ.

'ಎಂತ ಪ್ರಾಬ್ಲಮ್?' ಎಂದು ನಾವು ಕಾಳಜಿಯಿಂದಲೇ ಕೇಳುವುದು. ಅದನ್ನು 'ವಾಟ್ ಇಸ್ ಯುವರ್ ಪ್ರಾಬ್ಲಮ್?' ಮಾಡಿದರೆ 'ನಿನ್ನದೆಂತ ತಕರಾರು?' ಎಂದ ಹಾಗಾಗುತ್ತದೆ. 'ಕುಡ್ ಯು ಟೆಲ್ ಮಿ ವಾಟ್ ಹ್ಯಾಪನ್ಡ್?' ಸರಿ. 'ಒಂದು ಕೆಲಸ ಮಾಡಿ' ಎಂಬುದರ 'ಡೂ ಒನ್ ಥಿಂಗ್', 'ಸ್ವಲ್ಪ ಅಡ್ಜಸ್ಟ್ ಮಾಡಿ' ಎಂಬುದರ 'ಪ್ಲೀಸ್ ಅಡ್ಜಸ್ಟ್' ಎರಡನ್ನೂ ಬಿಟ್ಟುಬಿಡಿ.

ಮಳೆಗಾಲದಲ್ಲಿ ಸೋಲಾರ್ ಬಿಸಿನೀರು ಕೈಕೊಡುವುದು ಇದ್ದದ್ದೇ, ಅದನ್ನೇ ಉದಾಹರಣೆ ಮಾಡೋಣ. ಮೊದಲು 'ಐ ಆ್ಯಮ್ ಸಾರಿ ಅಬೌಟ್ ದಟ್.' ಆಮೇಲೆ ಅವರು ಹೇಳಿದ್ದನ್ನೇ ತಿರುಗಿ ಹೇಳಿ: 'ಸೋ ದೇರ್ ಇಸ್ ನೋ ಹಾಟ್ ವಾಟರ್ ಇನ್ ರೂಮ್ ತ್ರೀ.' ಇದರಿಂದ ಎರಡು ಲಾಭ ಉಂಟು: ನೀವು ಕೇಳಿಸಿಕೊಂಡಿದ್ದೀರಿ ಎಂದು ಅವರಿಗೆ ಗೊತ್ತಾಗುತ್ತದೆ, ತಪ್ಪಾಗಿ ಅರ್ಥಮಾಡಿಕೊಂಡಿದ್ದರೆ ಅಲ್ಲಿಯೇ ತಿದ್ದುತ್ತಾರೆ. ಮುಂದೆ ಕೆಲಸ ಮತ್ತು ಹೊತ್ತು: 'ಐ ವಿಲ್ ಸ್ವಿಚ್ ಆನ್ ದ ಗೀಸರ್ ನೌ. ಇಟ್ ಶುಡ್ ಬಿ ಹಾಟ್ ಇನ್ ಟ್ವೆಂಟಿ ಮಿನಿಟ್ಸ್.' ಮೋಡ, ಸೋಲಾರ್ ಇತ್ಯಾದಿ ಕಾರಣ ಅವರು ಕೇಳಿದರೆ ಮಾತ್ರ. 'ಆಕ್ಚುವಲಿ' ಎಂದು ಕಾರಣದಿಂದಲೇ ಶುರು ಮಾಡಿದರೆ ನೆಪ ಹೇಳಿದಂತಾಗುತ್ತದೆ. 'ಸಾರಿ' ಆದ ಕೂಡಲೇ 'ಬಟ್' ಬಂದರೆ ಹೇಳಿದ ಸಾರಿಯೂ ಹೋಯಿತು.

ಹೊತ್ತು ಹೇಳುವಾಗ ಒಂದು ದೊಡ್ಡ ಗುಂಡಿ ಉಂಟು. 'ಏಳು ಗಂಟೆಯೊಳಗೆ ಬರುತ್ತದೆ' ಎಂಬುದಕ್ಕೆ 'ಬೈ ಸೆವೆನ್'. 'ಟಿಲ್ ಸೆವೆನ್' ಅಂದರೆ ಏಳರವರೆಗೆ ಇರುತ್ತದೆ, ಆಮೇಲೆ ಇಲ್ಲ ಎಂದರ್ಥ! ಮತ್ತೆ, ನಮ್ಮೂರಿನ 'ಐದು ನಿಮಿಷ' ಎಷ್ಟು ಹೊತ್ತೂ ಆಗಬಹುದು ಮಾರಾಯ್ರೆ. ಅವರು ಗಡಿಯಾರ ನೋಡುತ್ತಾರೆ. ಇಪ್ಪತ್ತು ಬೇಕಾದರೆ ಮೂವತ್ತು ಹೇಳಿ, ಬೇಗ ಮುಗಿಸಿ.

ಇದಕ್ಕಿಂತ ಹೆಚ್ಚು ಗೊಂದಲ ಮಾಡುವುದು 'ಇಲ್ಲ' ಸೇರಿದ ಪ್ರಶ್ನೆ. 'ಇಸ್‌ನ್ಟ್ ದ ವೈಫೈ ವರ್ಕಿಂಗ್?' ಎಂದರೆ ನಾವು 'ಹೌದು, ಆಗ್ತಾ ಇಲ್ಲ' ಎಂಬ ಲೆಕ್ಕದಲ್ಲಿ 'ಎಸ್' ಅನ್ನುತ್ತೇವೆ. ಅವರಿಗೆ ಅದು 'ಆಗುತ್ತಿದೆ' ಎಂದು ಕೇಳುತ್ತದೆ, ಸುಳ್ಳು ಹೇಳಿದಿರಿ ಎಂದೂ ಅನಿಸಬಹುದು. ಇಂಗ್ಲಿಷ್‌ನಲ್ಲಿ ಪ್ರಶ್ನೆ ಹೇಗೇ ಇರಲಿ, ಕೆಲಸ ಮಾಡದಿದ್ದರೆ 'ನೋ, ಇಟ್ ಇಸ್‌ನ್ಟ್'. 'ವುಡ್ ಯು ಮೈಂಡ್ ಚೇಂಜಿಂಗ್ ರೂಮ್ಸ್?' ಎಂದು ನೀವು ಕೇಳಿ ಅವರು 'ನೋ, ನಾಟ್ ಅಟ್ ಆಲ್' ಎಂದರೆ ಒಪ್ಪಿದ್ದಾರೆ ಎಂದರ್ಥ, ಬೇಸರಪಡಬೇಡಿ. ತಲೆ ಅಲ್ಲಾಡಿಸಿ ಮಾತ್ರ ಉತ್ತರ ಕೊಡಬೇಡಿ. ನಮ್ಮ ಆ ಓಲಾಟ ಹೌದೋ ಅಲ್ಲವೋ ಎಂದು ಹೊರದೇಶದವರಿಗೆ ತಿಳಿಯುವುದಿಲ್ಲ.

'ಸಾರಿ'ಯಲ್ಲೂ ಬಗೆಗಳಿವೆ. ನಿಮ್ಮ ಕಡೆಯ ತಪ್ಪಾದರೆ 'ಐ ಆ್ಯಮ್ ಸಾರಿ ಫಾರ್ ದ ಡಿಲೇ', 'ಸಾರಿ ಫಾರ್ ಕೀಪಿಂಗ್ ಯು ವೆಯ್ಟಿಂಗ್'. 'ಐ ಆ್ಯಮ್ ಸಾರಿ ಟು ಹಿಯರ್ ದಟ್' ಹೊರಗಿನ ತೊಂದರೆಗೆ, ರಿಕ್ಷಾದವರು ಹೆಚ್ಚು ಬಾಡಿಗೆ ಕೇಳಿದರು ಎಂಬಂಥದ್ದಕ್ಕೆ. ನಿಮ್ಮದೇ ನಲ್ಲಿ ಸೋರುವಾಗ ಅದನ್ನು ಹೇಳಿದರೆ ಮನೆ ಇನ್ಯಾರದೋ ಎಂದಂತೆ. ಸ್ವರ ಏರಿಸಿ 'ಸಾರಿ?' ಅಂದರೆ 'ಏನಂದಿರಿ?' ಎಂದಾಗುತ್ತದೆ, ಹಾಗಾಗಿ ಕ್ಷಮೆ ಕೇಳುವಾಗ ಸ್ವರ ಇಳಿಯಲಿ.

ಆಗದ ಕೆಲಸಕ್ಕೆ 'ನಾಟ್ ಪಾಸಿಬಲ್' ಬೇಡ. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇಲ್ಲದ್ದಕ್ಕೆ ಸಿಟ್ಟಾದವರಿಗೆ: 'ಐ ಆ್ಯಮ್ ಅಫ್ರೇಡ್ ದ ಬೋಟ್ಸ್ ಡೋಂಟ್ ರನ್ ಇನ್ ದ ಮಾನ್ಸೂನ್. ವುಡ್ ಯು ಲೈಕ್ ಟು ವಿಸಿಟ್ ದ ಕೃಷ್ಣ ಮಠ ಇನ್‌ಸ್ಟೆಡ್?' ಇಲ್ಲಿ 'ಅಫ್ರೇಡ್' ಭಯವಲ್ಲ, ಬೇಡದ ಸುದ್ದಿಯನ್ನು ಮೆತ್ತಗೆ ಹೇಳುವ ಪದ್ಧತಿ. ಬಿಲ್ ವಿಷಯದಲ್ಲಿ 'ಯು ಡಿಡ್ ನಾಟ್ ಪೇ' ಎಂದು ಬೆರಳು ತೋರಿಸದೆ 'ದ ಪೇಮೆಂಟ್ ಹ್ಯಾಸ್‌ನ್ಟ್ ಕಮ್ ಥ್ರೂ ಯೆಟ್' ಎನ್ನಿ.

ಅರ್ಥವಾಗದಿದ್ದರೆ 'ಓಕೆ ಓಕೆ' ಅನ್ನಲೇಬೇಡಿ, ಅದು ಮಾತು ಕೊಟ್ಟ ಹಾಗೆ. 'ಕುಡ್ ಯು ಸೇ ದಟ್ ಒನ್ಸ್ ಮೋರ್, ಎ ಬಿಟ್ ಮೋರ್ ಸ್ಲೋಲಿ?' ಎಂದು ಕೇಳುವುದರಲ್ಲಿ ನಾಚಿಕೆ ಇಲ್ಲ. ಮೇಲಿನ ವಾಕ್ಯಗಳಲ್ಲಿ ನಿಮಗೆ ದಿನವೂ ಬೇಕಾಗುವ ನಾಲ್ಕೈದನ್ನು ಕನ್ನಡ ಅಕ್ಷರದಲ್ಲೇ ಬರೆದು ಕೌಂಟರಿನ ಒಳಬದಿಗೆ ಅಂಟಿಸಿ, ದೊಡ್ಡ ಸ್ವರದಲ್ಲಿ ಹೇಳಿ ರೂಢಿ ಮಾಡಿ. ಮನಸ್ಸಿನಲ್ಲಿ ಓದಿದ್ದು ಸಿಟ್ಟಾದವರ ಎದುರು ನಾಲಿಗೆಗೆ ಬರುವುದಿಲ್ಲ.