ತಾಯಿಕರುಳು ಅಂದ್ರೆ ಮೈಯೊಳಗಿನ ಕೆಲಸ

ಹೋದ ಸಂಚಿಕೆಯ ಕೊಕೇನ್ ಮತ್ತು ತಾಯಿ ಇಲಿಗಳ ಲೇಖನ ಓದಿ ಆಲೂರಿನ ಓದುಗರೊಬ್ಬರು ಬರ್ದಿದಾರೆ: "ಇಲಿಗಳಿಗೆ ಹಿಂಸೆ ಕೊಟ್ಟು ಏನ್ ಸಾಧಿಸಿದ್ರು? ನಮ್ಮ ಪಕ್ಕದ ತೋಟದ ಲೈನ್ ಮನೇಲಿ ಒಬ್ಳು ಕುಡ್ದು ಬಿದ್ದಿರ್ತಾಳೆ, ಮಗು ಅಳ್ತಿರತ್ತೆ. ಅಂಥವಳು ತಾಯಿನೇ ಅಲ್ಲ, ಮಗು ಕಿತ್ಕೊಂಡು ಒಳಗೆ ಹಾಕ್ಬೇಕು."

ಸಂಪಾದಕರ ಉತ್ತರ:

ಆ ಮಗು ಅಳು ನಿಮ್ಮ ಕಿವಿಗೆ ಬಿತ್ತಲ್ಲ, ಅದು ದೊಡ್ಡದು. ಇಲಿಗಳ ಹಿಂಸೆ ಬಗ್ಗೆ ಹೇಳಿದ್ದೂ ಸರಿ. ಆದ್ರೆ "ತಾಯಿನೇ ಅಲ್ಲ" ಅಂದ್ರಲ್ಲ, ಅಲ್ಲಿ ನಾನು ನಿಮ್ ಜೊತೆ ಜಗಳ ಆಡ್ಲೇಬೇಕು.

ಹೆಂಡ ಬೇರೆ ಕೊಕೇನ್ ಬೇರೆ, ಒಪ್ಪಿದೆ. ಆದ್ರೂ ಆ ಇಲಿ ಕತೆ ಪೂರ್ತಿ ಕೇಳಿ. ಬಾಣಂತಿ ಇಲಿ ಚೆಲ್ಲಾಪಿಲ್ಲಿಯಾದ ಮರಿಗಳನ್ನ ಒಂದೊಂದಾಗಿ ಬಾಯಲ್ಲಿ ಕಚ್ಕೊಂಡು ಗೂಡಿಗೆ ತಂದು, ಬೆನ್ನು ಕಮಾನು ಮಾಡಿ ಮೇಲೆ ಕೂತು ಹಾಲೂಡ್ಸತ್ತೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಜೋಸೆಫೀನ್ ಜಾನ್ಸ್ ಅವ್ರ ತಂಡ ಗಬ್ಬದ ಇಲಿಗಳಿಗೆ ಕೊಕೇನ್ ಕೊಟ್ಟು ನೋಡಿದಾಗ ಈ ಕೆಲಸವೇ ಹದಗೆಟ್ಟಿತ್ತು, ಮಿದುಳಲ್ಲಿ ತಾಯ್ತನಕ್ಕೆ ಬೇಕಾದ ಆಕ್ಸಿಟೋಸಿನ್ ಅನ್ನೋ ಹಾರ್ಮೋನು ಕಮ್ಮಿ ಆಗಿತ್ತು. ಇನ್ನೊಂದು ಪ್ರಯೋಗ ಇದೆ, 2001ರದ್ದು. ಒಂದ್ಕಡೆ ಮರಿ ಜೊತೆ ಇದ್ದ ನೆನಪಿನ ಕೋಣೆ, ಇನ್ನೊಂದ್ಕಡೆ ಕೊಕೇನ್ ಸಿಕ್ಕಿದ್ದ ನೆನಪಿನ ಕೋಣೆ. ಹೆತ್ತು 8 ದಿನ ಆದಾಗ ಹೆಚ್ಚಿನ ತಾಯಂದಿರು ಮರಿ ಕಡೆ ಹೋದ್ವು, 16ನೇ ದಿನಕ್ಕೆ ಕೊಕೇನ್ ಕಡೆ. ಶುರುವಿನ ದಿನಗಳಲ್ಲಿ ಅಂಥ ವಿಷಾನೂ ಮರಿ ಮುಂದೆ ಸೋತಿತ್ತು ಸ್ವಾಮಿ, ಇದನ್ನ ಓದಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ನಮ್ಮನೆ ಕೊಟ್ಟಿಗೇಲಿ ಗೌರಿ ಅಂತ ಒಂದು ಕಡಸಿತ್ತು. ಮೊದಲ ಸೂಲು, ಕರು ಕೆಚ್ಚಲ ಹತ್ರ ಬಂದ್ರೆ ಒದ್ದೇಬಿಡೋದು. ಅಜ್ಜಿ ಬೈಲಿಲ್ಲ, ಕರು ಮೈಗೆಲ್ಲ ಬೆಲ್ಲದ ನೀರು ಸವರಿ ಅದರ ಮೂತಿ ಹತ್ರ ನಿಲ್ಸಿದ್ರು. ನೆಕ್ತಾ ನೆಕ್ತಾ ಮೂರನೇ ದಿನ ಹೊತ್ತಾರೆ ಸೊರೆ ಬಿಡ್ತು. ಹಾಲು ಇಳ್ಸೋದೂ ಅದೇ ಆಕ್ಸಿಟೋಸಿನ್ನೇ. ಹಸುಗೆ ಇಷ್ಟು ತಾಳ್ಮೆ ತೋರ್ಸೋ ನಾವು ಹೆಣ್ಣಿಗೆ ಯಾಕೆ ತೋರ್ಸಲ್ಲ?

ಒಳಗೆ ಹಾಕೋದನ್ನೂ ಮಾಡಿ ನೋಡಿದಾರೆ. ಅಮೆರಿಕದ ಚಾರ್ಲ್ಸ್‌ಟನ್ ಊರಲ್ಲಿ ಒಂದು ಸರ್ಕಾರಿ ಆಸ್ಪತ್ರೆ ಬಸುರಿಯರ ಮೂತ್ರವನ್ನ ಅವ್ರಿಗೆ ಹೇಳದೇ ಕೊಕೇನ್ ಪರೀಕ್ಷೆ ಮಾಡಿ ಫಲಿತಾಂಶ ಪೊಲೀಸ್ರಿಗೆ ಕೊಡ್ತಿತ್ತು, 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಪ್ಪಿಗೆ ಇಲ್ದೆ ಹಂಗೆ ಮಾಡೋದು ತಪ್ಪು ಅಂತು. ಪೊಲೀಸ್ ಭಯ ಇದ್ರೆ ಯಾವ ಬಸುರಿ ಡಾಕ್ಟ್ರ ಹತ್ರ ಬಾಯಿ ಬಿಡ್ತಾಳೆ?

ಮತ್ತೆ ಆ ಮಗು ಅಪ್ಪ ಎಲ್ಲಿ? ನಿಮ್ಮ ಕಾಗದದಲ್ಲಿ ಒಂದು ಸಾಲಿಲ್ಲ. ಸಂತೆ ದಿನ ಕೂಲಿ ದುಡ್ಡೆಲ್ಲ ಕುಡ್ದು ಚರಂಡೀಲಿ ಬಿದ್ದ ಗಂಡಸನ್ನ "ಅಪ್ಪನೇ ಅಲ್ಲ" ಅಂತ ಯಾರಾದ್ರೂ ಅಂದಿದ್ದು ಕೇಳಿದೀರಾ? ನಾನಂತೂ ಕೇಳಿಲ್ಲ.

ನೀವು ಒಳ್ಳೇವ್ರು, ಅದಕ್ಕೇ ಕಾಗದ ಬರ್ದಿದೀರಿ. ಇವತ್ತು ಸಂಜೆ ಮನೆಯವ್ರನ್ನ ಕರ್ಕೊಂಡು ಅಲ್ಲಿಗೆ ಹೋಗಿ, ಮೊದ್ಲು ಮಗುಗೆ ಊಟ ಆಯ್ತಾ ನೋಡಿ, ಆಮೇಲೆ ಅವ್ಳ ಹತ್ರ ಕೂತು ಮಾತಾಡ್ಸಿ. ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡ್ಬೋದು, ದುಡ್ಡಿಲ್ಲ. ಏನಾಯ್ತು ಅಂತ ನಂಗೆ ಬರೀರಿ, ಕಾಯ್ತಿರ್ತೀನಿ.