ರೀಬೂಟ್ ಕೊಟ್ಟರೆ ಮಲಗುತ್ತದೆ, ಏಳುವುದಿಲ್ಲ

ಪ್ರ: ಸಕಲೇಶಪುರದ ಹತ್ತಿರದ ಕಾಫಿ ತೋಟದ ಆಫೀಸಿನಲ್ಲಿ ಉಬುಂಟು ಹಾಕಿದ ಹಳೇ ಡೆಸ್ಕ್‌ಟಾಪ್ ಇದೆ. ಹಾಸನದಿಂದಲೇ ಲಾಗಿನ್ ಆಗಿ ರೀಬೂಟ್ ಕೊಟ್ಟರೆ ಮತ್ತೆ ಏಳುವುದೇ ಇಲ್ಲ. ರೈಟರ್ ಹೋಗಿ ನೋಡಿದರೆ ಪರದೆ ಮೇಲೆ ‘ರೀಬೂಟ್: ರೀಸ್ಟಾರ್ಟಿಂಗ್ ಸಿಸ್ಟಮ್’ ಎಂದಷ್ಟೇ ಇರುತ್ತದೆ. ಬಟನ್ ಒತ್ತಿ ಆಫ್ ಮಾಡಿ ಆನ್ ಮಾಡಿದರೆ ಸರಿ. ಡಿಸ್ಕ್ ಹೋಗಿದೆಯೇ?
— ಓದುಗರು, ಹಾಸನ

ಉ: ಡಿಸ್ಕ್ ಮೇಲೆ ಅನುಮಾನ ಬೇಡ. ಆ ಸಾಲು ಬಂತೆಂದರೆ ಡಿಸ್ಕಿಗೆ ಬರೆಯುವುದೆಲ್ಲ ಬರೆದಾಗಿದೆ, ಡ್ರೈವರ್‌ಗಳು ಕೆಲಸ ನಿಲ್ಲಿಸಿವೆ. ಉಳಿದದ್ದು ಪ್ರೊಸೆಸರನ್ನು ರೀಸೆಟ್ ಮಾಡಿಸುವುದು. ಅದಕ್ಕೆ ಕರ್ನಲ್ (ಉಬುಂಟುವಿನ ಒಳಗಿರುವ ಲಿನಕ್ಸಿನ ತಿರುಳು) ಯಂತ್ರದ ಫರ್ಮ್‌ವೇರ್ (ಬೋರ್ಡಿನಲ್ಲೇ ಅಡಕವಾದ ತಂತ್ರಾಂಶ) ತೋರಿಸಿದ ಬಾಗಿಲು ತಟ್ಟಬೇಕು. (ಅದಕ್ಕೂ ಮುಂಚೆ ‘ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್’ ಎಂದು ನಿಂತರೆ ಅದು ಬೇರೆ ಕಥೆ. ಯಾವುದೋ ಸರ್ವಿಸ್ ಹಟ ಹಿಡಿದಿದೆ, ಸಾಮಾನ್ಯವಾಗಿ 90 ಸೆಕೆಂಡಿಗೆ ಬಿಡುತ್ತದೆ.)

ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಲಿನಕ್ಸ್ ಮೊದಲು ನೋಡುವುದು ಫರ್ಮ್‌ವೇರ್ ಕೊಡುವ ಎಸಿಪಿಐ (ಪವರ್ ನಿರ್ವಹಣೆಯ) ಕೋಷ್ಟಕವನ್ನು. ರೀಸೆಟ್ ರಿಜಿಸ್ಟರ್ (ಬರೆದರೆ ಯಂತ್ರ ರೀಸೆಟ್ ಆಗುವ ಜಾಗ) ಎಲ್ಲಿದೆ, ಅದಕ್ಕೆ ಏನು ಬರೆಯಬೇಕು ಎಂಬುದು ಅದರಲ್ಲಿರುತ್ತದೆ. ಅದಕ್ಕೂ ಜಗ್ಗದಿದ್ದರೆ ಕೀಬೋರ್ಡ್ ಕಂಟ್ರೋಲರ್: ಅದರ ಹೆಕ್ಸ್ (16ರ ಲೆಕ್ಕದ) 64 ಪೋರ್ಟಿಗೆ, ಅಂದರೆ ವಿಳಾಸಕ್ಕೆ, ಎಫ್‌ಇ ಎಂಬ ಸಂಖ್ಯೆ ಬರೆಯುತ್ತದೆ. ಕೀಬೋರ್ಡಿಗೂ ರೀಸ್ಟಾರ್ಟಿಗೂ ಏನು ನಂಟು ಅಂತೀರಾ? 1984ರ ಐಬಿಎಂ ಎಟಿಯ 286 ಪ್ರೊಸೆಸರ್ ಪ್ರೊಟೆಕ್ಟೆಡ್ ಮೋಡಿಗೆ (ಹೆಚ್ಚು ಮೆಮೊರಿ ಬಳಸುವ ಸ್ಥಿತಿಗೆ) ಹೋದರೆ ರೀಸೆಟ್ ಆಗದೆ ಹಿಂದೆ ಬರುತ್ತಿರಲಿಲ್ಲ. ಆ ರೀಸೆಟ್ ತಂತಿಯನ್ನು ಕೀಬೋರ್ಡ್ ಚಿಪ್ಪಿನ ಪಿನ್ನಿಗೆ ಕಟ್ಟಿದರು. ಅಂದಿನ ಉಪಾಯ ಇಂದಿಗೂ ಉಳಿದಿದೆ. ಎರಡನ್ನೂ ಇನ್ನೊಂದು ಸುತ್ತು ತಟ್ಟಿದ ಮೇಲೆ ಯುಇಎಫ್‌ಐ (ಹೊಸ ಬಗೆಯ ಫರ್ಮ್‌ವೇರ್), ಆಮೇಲೆ ಅದಕ್ಕೂ ಹಿಂದಿನ ಹಳೇ ಬಯಾಸ್.

ಇಷ್ಟು ಬಾಗಿಲಿದ್ದೂ ನಿಲ್ಲುವುದೇಕೆ? ಬಾಗಿಲು ತೆರೆಯದಿದ್ದರೆ ಕರ್ನಲ್ ಮುಂದಿನದಕ್ಕೆ ಹೋಗುತ್ತದೆ. ತಟ್ಟಿದ ಕೈಯನ್ನೇ ಹಿಡಿದುಕೊಂಡರೆ ಕಷ್ಟ. ರಿಜಿಸ್ಟರಿಗೆ ಬರೆದೊಡನೆ ಫರ್ಮ್‌ವೇರಿನ ಎಸ್‌ಎಂಎಂ ಕೋಡ್ (ಕರ್ನಲನ್ನು ಬದಿಗಿಟ್ಟು ಮರೆಯಲ್ಲಿ ಓಡುವಂಥದು) ಓಡಲು ಶುರುವಾಗಿ ಅಲ್ಲೇ ಸಿಕ್ಕಿಕೊಂಡರೆ ಕರ್ನಲ್‌ಗೆ ಮತ್ತೆ ಸರದಿಯೇ ಬಾರದು. ಹಾಗಾಗಿ ಮೊದಲ ಬಾಗಿಲನ್ನೇ ಬದಲಿಸಿ: ಪಿಸಿಐ ಎಂಬ ಇನ್ನೊಂದು ಬಾಗಿಲಿದೆ.

ಆನ್ ಆದೊಡನೆ ಲಿನಕ್ಸನ್ನು ಎಬ್ಬಿಸುವ ಗ್ರಬ್ ಪ್ರೋಗ್ರಾಂನ ಮೆನುವಿನಲ್ಲಿ ಇ ಒತ್ತಿ (ಮೆನು ಕಾಣದಿದ್ದರೆ ಹಳೇ ಬಯಾಸ್‌ನಲ್ಲಿ ಶಿಫ್ಟ್ ಹಿಡಿದುಕೊಳ್ಳಿ, ಯುಇಎಫ್‌ಐನಲ್ಲಿ ಎಸ್ಕೇಪ್ ಒತ್ತಿ). ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ರೀಬೂಟ್=ಪಿಸಿಐ’ ಸೇರಿಸಿ: ಇಂಗ್ಲಿಷಿನ ಸಣ್ಣಕ್ಷರ, = ಪಕ್ಕ ಜಾಗ ಬೇಡ. ಎಫ್10 ಒತ್ತಿ ಬೂಟ್ ಮಾಡಿ, ಆಮೇಲೆ ರೀಬೂಟ್ ಕೊಟ್ಟು ನೋಡಿ. ಹಳೇ ಇಂಟೆಲ್ ಬೋರ್ಡಿಗೆ ಮೊದಲ ಮದ್ದು ಇದೇ. ಆಗಲಿಲ್ಲವೇ, ಪಿಸಿಐ ಬದಲು ಇಎಫ್‌ಐ (ಯುಇಎಫ್‌ಐ ಬಾಗಿಲು), ಆಮೇಲೆ ಕೆಬಿಡಿ (ಕೀಬೋರ್ಡ್ ಬಾಗಿಲು). ಈ ಪರೀಕ್ಷೆ ತೋಟದಲ್ಲಿ ಯಂತ್ರದ ಮುಂದೆ ಕೂತೇ ಮಾಡಿ, ಹಾಸನದಿಂದ ಬೇಡ. ಫಲಿಸಿದ್ದನ್ನು /ಇಟಿಸಿ/ಡಿಫಾಲ್ಟ್/ಗ್ರಬ್ ಕಡತದ ‘ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡಿಫಾಲ್ಟ್’ ಸಾಲಿನ ಉದ್ಧರಣ ಚಿಹ್ನೆಯೊಳಗೆ ಹಾಕಿ ‘ಸುಡೋ ಅಪ್‌ಡೇಟ್-ಗ್ರಬ್’ ಓಡಿಸಿ.

ಬಯಾಸ್ ಅಪ್‌ಡೇಟ್ ಮಾಡಿದರೂ ಕೆಲವೊಮ್ಮೆ ಸರಿಹೋಗುತ್ತದೆ. ಆದರೆ ನಿಮ್ಮ ಕಡೆಯ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಅದಕ್ಕೆ ಕೈಹಾಕಬೇಡಿ. ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡೇ ಕೈಕೊಡುತ್ತದೆ.

ಪ್ರ: ರೀಸ್ಟಾರ್ಟ್ ಆದ ಮೇಲೆ ನಮ್ಮ ಪಿಸಿಯಲ್ಲಿ ವೈಫೈ ಕಾರ್ಡ್ ಕಾಣುವುದಿಲ್ಲ, ಆಫ್ ಮಾಡಿ ಆನ್ ಮಾಡಿದರೆ ಬರುತ್ತದೆ. ಇದೂ ಲಿನಕ್ಸೇ.
— ಓದುಗರು, ಮೂಡಿಗೆರೆ

ಉ: ಬರೀ ರೀಸೆಟ್‌ನಲ್ಲಿ ಕಾರ್ಡಿಗೆ ಹೋಗುವ ಕರೆಂಟ್ ಕಡಿಯುವುದಿಲ್ಲ, ಚಿಪ್ ಸಿಕ್ಕಿಕೊಂಡ ಸ್ಥಿತಿಯಲ್ಲೇ ಉಳಿಯುತ್ತದೆ. ನೀವೂ ‘ರೀಬೂಟ್=ಪಿಸಿಐ’ ಹಾಕಿ ನೋಡಿ. ಅದು ಸಿಎಫ್9 ಪೋರ್ಟಿಗೆ 0ಇ ಬರೆಯುತ್ತದೆ. ಇಂಟೆಲ್ ಚಿಪ್‌ಸೆಟ್ ಇದ್ದರೆ ಆಗ ಕರೆಂಟ್ 3ರಿಂದ 5 ಸೆಕೆಂಡು ನಿಜಕ್ಕೂ ಕಡಿದು ಬರುತ್ತದೆ. ‘ವಾರ್ಮ್’ ಎಂದೇನಾದರೂ ಸೇರಿಸಿದಿರೋ, ಬರೆಯುವುದು 06: ಮತ್ತೆ ಬರೀ ರೀಸೆಟ್.